ಪಟ್ಟದ ಕುದುರೆಗೆ ಪಾಟ್‌ಲಕ್

ಆ ಪುಡಿಗಳ ವಾಸನೆ ಇವತ್ತಿಗೂ ವಸಂತಲಕ್ಷ್ಮಿಯ ಮೂಗು ಬಿಟ್ಟು ಹೋಗಿಲ್ಲ. ಕಾಕಂಬಿ, ಮೆಂತ್ಯ, ಸೇಬಿನ ಎಸೆನ್ಸು, ಕಮಟು ಹಿಡಿದ ಎಣ್ಣೆ, ಎಲ್ಲಾ ಸೇರಿ ಕಲಸಿದಂಥ ಒಂದು ವಾಸನೆ. ಅಂಗಡಿಯಲ್ಲಿ ಯಾರಾದರೂ ಮೆಂತ್ಯದ ಪೊಟ್ಟಣ ಒಡೆದರೂ ಸಾಕು, ಬುಟ್ಟಿ ಅಲ್ಲೇ ಬಿಟ್ಟು ಹೊರಗೆ ಬಂದುಬಿಡುತ್ತಾಳೆ. ಗಂಡ ವಿಶ್ವಾಸ್ "ಇನ್ನೂ ಎಷ್ಟು ದಿನ ಇದು, ಬಿಟ್ಟುಬಿಡೇ" ಅಂತಾನೆ. ಬಿಡೋಕೆ ಅದನ್ನೇನು ಅವಳು ಹಿಡಿದುಕೊಂಡು ಕೂತಿದ್ದಾಳಾ? ಅದೇ ಅವಳನ್ನು ಹಿಡಿದುಕೊಂಡಿದೆ.

ಶುರುವಾಗಿದ್ದು ೨೦೦೭ರ ಆಗಸ್ಟ್ ಕೊನೆಯಲ್ಲಿ, ಚಂದ್ರಶೇಖರ್ ಮನೆಯಲ್ಲಿ, ಚೌಚೌ ಬಾತ್ ತಿನ್ನುತ್ತಾ. ಚಂದ್ರಶೇಖರ್ ಅಂದರೆ ಪರದೇಶದ ಈ ಊರಿನ ಮಿಲ್ ಕ್ರೀಕ್ ಕನ್ನಡ ಬಳಗದ ಅಧ್ಯಕ್ಷ. ಆಫೀಸಿನಲ್ಲಿ ಪ್ರೋಗ್ರಾಂ ಮ್ಯಾನೇಜರು, ಮನೆಯಲ್ಲೂ ಪ್ರೋಗ್ರಾಂ ಮ್ಯಾನೇಜರು, ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗಲೂ ಪ್ರೋಗ್ರಾಂ ಮ್ಯಾನೇಜರೇ. ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು ಹೇಳಿದ:

"ನೋಡಿ, ಪ್ರತಿ ವರ್ಷ ಅದೇ ಗೊಂಬೆ, ಅದೇ ಕೋಲಾಟ, ಜನಕ್ಕೆ ಬೋರ್ ಆಗಿದೆ. ಹೋದ ವರ್ಷ ತೆಲುಗಿನವರು ಬತುಕಮ್ಮ ಹಬ್ಬಕ್ಕೆ ಎಂಟು ನೂರು ಜನ ಸೇರಿಸಿದ್ರು. ನಾವು ಮೈಸೂರು ದಸರಾದವರು, ನಮಗೆ ನಾಚಿಕೆ ಆಗ್ಬೇಕು. ಈ ಸಲ ಪಟ್ಟದ ಕುದುರೆ ತರೋಣ. ನಿಜವಾದ ಕುದುರೆ. ಆನೆಗಂತೂ ಪರ್ಮಿಟ್ ಸಿಗಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ದಿನದ ಮಟ್ಟಿಗೆ ಕುದುರೆ ಬಾಡಿಗೆಗೆ ಸಿಗುತ್ತಿತ್ತು, ಅದು ಸಾಲಲಿಲ್ಲ. ಹರಾಜಿಗೆ ಬಂದ, ಯಾರಿಗೂ ಬೇಡವಾದ ಕುದುರೆಯನ್ನು ಕೊಂಡುಕೊಂಡು "ರೆಸ್ಕ್ಯೂ ಮಾಡಿದ್ವಿ" ಅಂತ ಹೇಳಿಕೊಂಡರೆ ಪುಣ್ಯಕ್ಕೆ ಪುಣ್ಯ, ಪ್ರಚಾರಕ್ಕೆ ಪ್ರಚಾರ. ಹಾಗೆ ಬಂದವನು ವಿಜಯ. ಹೆಸರೂ ಕಮಿಟಿಯೇ ಇಟ್ಟಿದ್ದು, ಇಮೇಲಿನಲ್ಲಿ ವೋಟು ಹಾಕಿ.

ಕುದುರೆಯನ್ನು ಇಟ್ಟಿದ್ದು ಸ್ನೊಹೊಮಿಶ್ ಕಡೆಯ ಒಂದು ಲಾಯದಲ್ಲಿ. ಲಾಯದ ಒಡತಿ ಮಾರ್ಜಿ ಅಂತ, ಅರವತ್ತು ದಾಟಿದ ಬಿಳಿ ಹೆಂಗಸು. ಜಾಗ, ನೀರು ಅವಳದು, ಮೇವು ಆರೈಕೆ ನಿಮ್ಮದು ಅನ್ನೋ ಒಪ್ಪಂದ. ಮೊದಲನೇ ಶನಿವಾರ ಆರೇಳು ಕಾರುಗಳಲ್ಲಿ ಬಳಗವೆಲ್ಲಾ ಹೊರಟಿತು, ವಧುಪರೀಕ್ಷೆಗೆ ಹೊರಟ ಹಾಗೆ.

ಮಾರ್ಜಿ ಕುದುರೆಯನ್ನು ಹೊರಗೆ ತಂದಳು. ಕಂದು ಬಣ್ಣದ ಕುದುರೆ, ಒಂದು ಕಾಲದಲ್ಲಿ ರೇಸಿನಲ್ಲಿ ಓಡಿತ್ತಂತೆ. ಪಕ್ಕೆಲುಬು ಒಂದೊಂದೂ ಎಣಿಸಬಹುದು. ಸೊಂಟದ ಮೂಳೆ ಚರ್ಮದೊಳಗಿಂದ ಎದ್ದು ನಿಂತಿತ್ತು. ಬಾಲದ ಬುಡದಲ್ಲಿ ಮುಷ್ಟಿ ಹೂತುಹೋಗುವಷ್ಟು ಗುಣಿ. ಚಂದ್ರಶೇಖರನ ಹೆಂಡತಿ ತೇಜಶ್ರೀ ದುಪಟ್ಟಾ ಮೂಗಿಗೆ ಒತ್ತಿಕೊಂಡು "ಅಯ್ಯಪ್ಪಾ, ಇದರ ಮೇಲೆ ಜರಿ ಬಟ್ಟೆ ಹಾಕಿದ್ರೆ ಕೋಟ್ ಸ್ಟ್ಯಾಂಡಿಗೆ ಹಾಕ್ದಂಗೆ ಇರುತ್ತೆ" ಅಂದಳು. ನಗು ಎದ್ದಿತು. ಪ್ರಾಣಿಯ ಎದುರಿಗೆ ನಿಂತು ನಗ್ತಾರಲ್ಲಾ ಅಂತ ವಸಂತಳಿಗೆ ಮೈಯೆಲ್ಲಾ ಉರಿಯಿತು. ಆದರೂ ಬಾಯಿ ಬಿಡಲಿಲ್ಲ.

ಕುದುರೆ ಅವಳ ಹತ್ತಿರ ಬಂತು. ಇಪ್ಪತ್ತು ಜನರಲ್ಲಿ ಅವಳ ಹತ್ತಿರವೇ ಯಾಕೆ ಬಂತೋ. ಅವಳು ನಿಂತ ರೀತಿ ಅದಕ್ಕೆ ಗೊತ್ತಾಗಿರಬೇಕು. ಮುಂದೆ ಬಾರದೆ, ಹಿಂದೆ ಸರಿಯದೆ, ಒಂದು ಭುಜ ಕೊಟ್ಟು ನಿಲ್ಲೋದು ಅಪ್ಪ ಕಲಿಸಿದ್ದು. ಕುದುರೆ ಅವಳ ಅಂಗೈ ಮೂಸಿ, ಬಿಸಿ ಉಸಿರು ಬಿಟ್ಟು, ತಲೆಯನ್ನು ಅವಳ ತೋಳಿಗೆ ಒರಗಿಸಿತು.

ಮಾರ್ಜಿ ಅಧ್ಯಕ್ಷರಿಗೆ ಸ್ಪಷ್ಟವಾಗಿಯೇ ಹೇಳಿದಳು, ವಸಂತ ಪಕ್ಕದಲ್ಲೇ ಇದ್ದಳು. ತಿಂಗಳುಗಟ್ಟಲೆ ಹಸಿದ ಕುದುರೆ ಇದು, ಮೊದಲು ಬರೀ ಒಣಹುಲ್ಲು, ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ಧಾನ್ಯ, ಪುಡಿ ಏನೂ ಈಗ ಬೇಡ, ಮೈ ತುಂಬಿಕೊಳ್ಳೋಕೆ ಐದಾರು ತಿಂಗಳಾದರೂ ಬೇಕು. ಚಂದ್ರಶೇಖರ್ "ಶೂರ್, ಶೂರ್" ಅಂತ ತಲೆ ಆಡಿಸಿದ. ಕಾರಿನ ಹತ್ತಿರ ಬಂದು ಬಳಗಕ್ಕೆ ಹೇಳಿದ್ದು ಬೇರೆ.

"ನಮ್ ಹತ್ರ ಏಳು ವಾರ ಇದೆ. ಅಕ್ಟೋಬರ್ ಇಪ್ಪತ್ತು, ಶನಿವಾರ ಡೆಡ್‌ಲೈನ್. ವೆಯ್ಟ್ ಗೇನ್ ಸಪ್ಲಿಮೆಂಟು ಅಂಗಡೀಲಿ ಬೇಕಾದಷ್ಟಿದೆ. ಈ ದೇಶದಲ್ಲಿ ಎಲ್ಲದಕ್ಕೂ ಪ್ರಾಡಕ್ಟ್ ಇದೆ. ಇದು ರಿಸೋರ್ಸ್ ಪ್ರಾಬ್ಲಮ್ ಅಷ್ಟೇ."

ರಿಸೋರ್ಸ್ ಪ್ರಾಬ್ಲಮ್ಮಂತೆ, ಇವನ ಬಾಯಿಗೆ ಮಣ್ಣು ಹಾಕ.

ವಸಂತ ಆಗಲೇ ಹೇಳಬೇಕಾಗಿತ್ತು. ಅವಳಪ್ಪ ಶಾಮಣ್ಣ ಮೈಸೂರಿನಲ್ಲಿ ಮೂವತ್ತೊಂದು ವರ್ಷ ಜಟಕಾ ಹೊಡೆದವರು. ಚಿಕ್ಕ ಗಡಿಯಾರದ ಹತ್ತಿರ ಸ್ಟ್ಯಾಂಡು. ಅವಳ ಶಾಲೆಯ ಫೀಸು, ಡಿಪ್ಲೊಮಾ ಎಲ್ಲಾ ಕುದುರೆಯ ಬೆನ್ನ ಮೇಲೇ ಬಂದಿದ್ದು. ಒಂದು ಸಲ ಸಂತೆಯಿಂದ ಇಂಥದ್ದೇ ಒಂದು ಎಲುಬಿನ ಗೂಡನ್ನು ಅಪ್ಪ ತಂದಿದ್ದರು. ಎಂಟು ವರ್ಷದ ವಸಂತ ಕನಿಕರಪಟ್ಟು ಒಂದು ಸೇರು ಹುರುಳಿ ತಂದು ಮುಂದಿಟ್ಟಾಗ ಅಪ್ಪ ಎಂದೂ ಕೈ ಎತ್ತದವರು ಅವತ್ತು ಕೈ ಮೇಲೆ ಹೊಡೆದರು. "ಹಸಿದು ಹಸಿದು ಅದರ ಕರುಳು ಕೆಲಸ ಮರೆತಿದೆ ಕಣವ್ವಾ. ಈಗ ಕಾಳು ಹಾಕಿದ್ರೆ ಬಿಸಿ ಎಲ್ಲಾ ಗೊರಸಿಗೆ ಇಳೀತದೆ. ಆಮೇಲೆ ನಿಲ್ಲಾಕೇ ಆಗಾಕಿಲ್ಲ ಅದಕ್ಕೆ." ಎರಡು ತಿಂಗಳು ಹುಲ್ಲು ಮಾತ್ರ, ಹಿಡಿ ಹಿಡಿಯಾಗಿ ಕೊಟ್ಟರು. ಆ ಕುದುರೆ ಆಮೇಲೆ ಹನ್ನೊಂದು ವರ್ಷ ಗಾಡಿ ಎಳೆಯಿತು.

ಇಷ್ಟು ಗೊತ್ತಿದ್ದವಳು ಯಾಕೆ ಬಾಯಿಗೆ ಬೀಗ ಹಾಕಿಕೊಂಡಳು ಅಂದರೆ, ಆರು ವರ್ಷದ ಹಿಂದಿನ ಒಂದು ಮಾತಿಗೆ. ಅವಳು ಬಳಗಕ್ಕೆ ಮೊದಲ ಸಲ ಬಂದಾಗ ಹೆಂಗಸರು ಅಪ್ಪಂದಿರ ವಿಷಯ ಮಾತಾಡುತ್ತಿದ್ದರು. ಒಬ್ಬಳ ಅಪ್ಪ ಜಿಲ್ಲಾ ನ್ಯಾಯಾಧೀಶರು, ಇನ್ನೊಬ್ಬಳ ಅಪ್ಪ ಮಾನಸಗಂಗೋತ್ರಿಯಲ್ಲಿ ಪ್ರೊಫೆಸರು, ತೇಜಶ್ರೀಯ ಅಪ್ಪ ಚೀಫ್ ಎಂಜಿನಿಯರು. "ನಿಮ್ಮ ತಂದೆ ಏನ್ ಮಾಡ್ತಿದ್ರು ವಸಂತಾ?" ಅಂದಳು ತೇಜಶ್ರೀ. "ಟ್ರಾನ್ಸ್‌ಪೋರ್ಟು" ಅಂದುಬಿಟ್ಟಳು. ಯಾರೂ ಮತ್ತೆ ಕೇಳಲಿಲ್ಲ. ಅಪ್ಪ ತೀರಿಕೊಂಡು ಅದಾಗಲೇ ಎರಡು ವರ್ಷವಾಗಿತ್ತು, ಪುಣ್ಯಾತ್ಮ ಅದನ್ನು ಕೇಳಿಸಿಕೊಳ್ಳಲಿಲ್ಲ. ಹೇಳಿದ ಸುಳ್ಳಿಗಾಗಿ ಆಮೇಲೆ ಕುದುರೆಯ ವಿಷಯವನ್ನೇ ಅವಳು ಎತ್ತದೆ ಬದುಕಿದಳು. ಅದೇನು ಕಷ್ಟವಾಗಿರಲಿಲ್ಲ, ಮಿಲ್ ಕ್ರೀಕಿನಲ್ಲಿ ಯಾರು ಜಟಕಾ ಗಾಡಿಯ ಮಾತಾಡುತ್ತಾರೆ?

ಸೋಮವಾರ ಬೆಳಿಗ್ಗೆ ತೇಜಶ್ರೀಯ ಇಮೇಲ್ ಬಂತು. ಮನೆಗೊಂದು ಅಡುಗೆ ತಂದು ಸೇರಿ ಉಣ್ಣೋ ಬಳಗದ ಪಾಟ್‌ಲಕ್ಕಿಗೆ ಅವಳು ಎಕ್ಸೆಲ್ ಶೀಟ್ ಮಾಡುತ್ತಾಳೆ: ಯಾರು ಪುಳಿಯೋಗರೆ, ಯಾರು ಕೋಸಂಬರಿ, ಯಾರು ಪೇಪರ್ ಪ್ಲೇಟು. ಅದೇ ಶೀಟನ್ನು ಹೆಸರು ಬದಲಾಯಿಸಿ ಕಳಿಸಿದ್ದಳು. "ಅಶ್ವಸೇವೆ. ಒಂದು ಫ್ಯಾಮಿಲಿಗೆ ಒಂದು ಐಟಂ, ಬರೋ ದಿನವನ್ನೂ ಬರೀರಿ. ದಯವಿಟ್ಟು ರಿಪೀಟ್ ಮಾಡಬೇಡಿ." ಎರಡು ಮನೆಯಿಂದ ಹುಳಿಯೇ ಬರಬಾರದು ಅಂತ ಪಾಟ್‌ಲಕ್ಕಿನಲ್ಲಿ ಹಾಕೋ ನಿಯಮ ಅದು. ಆ ನಿಯಮದಿಂದ ಏನಾಯ್ತು ಗೊತ್ತಾ? ಹದಿನಾಲ್ಕು ಮನೆಯವರು ಹದಿನಾಲ್ಕು ಬೇರೆ ಬೇರೆ ಡಬ್ಬ ತಂದರು. ಒಬ್ಬರು ವೆಯ್ಟ್ ಗೇನ್ ಪುಡಿ, ಒಬ್ಬರು ಕೊಬ್ಬಿನ ಪುಡಿ, ಒಬ್ಬರು ಕಾಕಂಬಿ ಬೆರೆಸಿದ ಓಟ್ಸು, ಒಬ್ಬರು ಮೆಕ್ಕೆಜೋಳದ ಎಣ್ಣೆ, ಇನ್ನೊಬ್ಬರು ಮೈ ಮಿಂಚೋಕೆ ಅಗಸೆ, ಮತ್ತೊಬ್ಬರು ಹಸಿವು ಹೆಚ್ಚಲಿ ಅಂತ ಮೆಂತ್ಯದ ಗುಳಿಗೆ. ಪ್ರತಿ ಡಬ್ಬದ ಮೇಲೂ "ದಿನಕ್ಕೆ ಎರಡು ಸ್ಕೂಪ್" ಅಂತ ಬರೆದಿರುತ್ತೆ. ಅದು ಒಂದೇ ಡಬ್ಬ ಕೊಡುವವರಿಗೆ ಬರೆದಿದ್ದು ಅಂತ ಆ ಹದಿನಾಲ್ಕು ಎಂಜಿನಿಯರುಗಳ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ವಸಂತಳ ಹೆಸರಿನ ಮುಂದೆ ಖಾಲಿ ಜಾಗ ಮೂರು ದಿನ ಹಾಗೇ ಇತ್ತು. ನಾಲ್ಕನೇ ದಿನ ತೇಜಶ್ರೀ ಫೋನು ಮಾಡಿ "ನೀವೊಬ್ಬರೇ ಬಾಕಿ" ಅಂದಳು. ವಸಂತ "ತೌಡು" ಅಂತ ತುಂಬಿದಳು. ಉಳಿದವರ ಪುಡಿಗಿಂತ ತೌಡು ವಾಸಿ ಅಂತ ತನಗೆ ತಾನೇ ಹೇಳಿಕೊಂಡಳು. ಮಂಗಳವಾರ, ಶುಕ್ರವಾರ ಅವಳ ಸರದಿ. ವೀಸಾದಲ್ಲಿ ಕೆಲಸ ಮಾಡೋ ಹಾಗಿರಲಿಲ್ಲ, ಹಗಲೆಲ್ಲಾ ಖಾಲಿ. ಎಲ್ಲರ ಹಾಗೆ ಮಾಸ್ಕಿಂಗ್ ಟೇಪಿನ ಮೇಲೆ ಹೆಸರು, ಸರದಿ ಬರೆದು ಡಬ್ಬಕ್ಕೆ ಅಂಟಿಸಿದಳು, ಲಾಯದ ಕಪಾಟಿನಲ್ಲಿ ಎಲ್ಲರ ಡಬ್ಬದ ಸಾಲಿಗೆ ಇಟ್ಟಳು.

ಜನ ತಮ್ಮ ಸರದಿಗೆ ಸರಿಯಾಗಿ ಬರುತ್ತಿದ್ದರಾ, ಅದೂ ಇಲ್ಲ. ಆಫೀಸು, ಮೀಟಿಂಗು, ಹೈವೇಯಲ್ಲಿ ಟ್ರಾಫಿಕ್ಕು. ಮೂರು ದಿನ ತಪ್ಪಿಸಿದವರು ಶನಿವಾರ ಬಂದು "ಮಿಸ್ ಆಗಿದ್ದನ್ನೆಲ್ಲಾ ಸೇರಿಸಿ ಹಾಕ್ಬಿಟ್ಟೆ" ಅಂತ ಬಕೆಟ್ ತುಂಬಾ ಸುರಿದು ಹೋಗುತ್ತಿದ್ದರು. ಮಾತ್ರೆ ಮರೆತವರು ವಾರದ ಕೊನೆಗೆ ಏಳೂ ಮಾತ್ರೆ ಒಟ್ಟಿಗೆ ನುಂಗುತ್ತಾರಾ? ಅದರ ಮೇಲೆ ಮಕ್ಕಳ ಕೈಯಲ್ಲಿ ಬೆಲ್ಲ, ಬಾಳೆಹಣ್ಣು, ಸಕ್ಕರೆ ಅಚ್ಚು. ಕುದುರೆ ತಿನ್ನೋ ಫೋಟೊ ತೆಗೆದು ಬಳಗದ ಗ್ರೂಪಿಗೆ ಹಾಕೋದು, "ಸೋ ಕ್ಯೂಟ್" ಅನ್ನೋದು. ಪಾಪ, ಅದು ತಿನ್ನುತ್ತಿತ್ತು. ಹಸಿದ ಬಾಯಿ ಬೇಡ ಅನ್ನುತ್ತಾ? ಎಲ್ಲರ ಪುಡಿಯನ್ನೂ ನೆಕ್ಕಿ, ಅಂಟಂಟು ತುಟಿಯಲ್ಲಿ ಎಲ್ಲರ ಕೈ ಮೂಸುತ್ತಿತ್ತು. ಮಾರ್ಜಿ ಎರಡು ಸಲ ಅಧ್ಯಕ್ಷನಿಗೆ ಫೋನು ಮಾಡಿದಳಂತೆ. "ಇಂಡಿಯಾದಲ್ಲಿ ಕುದುರೆ ಸಾಕೋ ಸಂಪ್ರದಾಯ ಮೂರು ಸಾವಿರ ವರ್ಷದ್ದು" ಅಂತ ಚಂದ್ರಶೇಖರ್ ಅವಳ ಬಾಯಿ ಮುಚ್ಚಿಸಿದ್ದನ್ನು ಮೀಟಿಂಗಿನಲ್ಲಿ ಹೇಳಿಕೊಂಡು ನಕ್ಕ.

ನಾಲ್ಕನೇ ವಾರದ ಹೊತ್ತಿಗೆ ವಿಜಯ ಮೈ ತುಂಬಿಕೊಂಡ. ಪಕ್ಕೆಲುಬು ಮುಚ್ಚಿತು. ಮೈ ಮಿಂಚತೊಡಗಿತು. ತೇಜಶ್ರೀ ಮೊದಲಿನ ಫೋಟೊ, ಈಗಿನ ಫೋಟೊ ಅಕ್ಕಪಕ್ಕ ಇಟ್ಟು ಕಳಿಸಿದಳು, ಐವತ್ತೆರಡು ಜನ "ಕಂಗ್ರಾಟ್ಸ್" ಅಂತ ಉತ್ತರ ಬರೆದರು. ವಸಂತ ಮಾತ್ರ ಆ ಫೋಟೊದಲ್ಲಿ ಕತ್ತು ನೋಡಿದಳು. ಕತ್ತಿನ ಮೇಲುಗಡೆ ಗಟ್ಟಿ ದಿಂಡಿನ ಹಾಗೆ ಕೊಬ್ಬು ಎದ್ದಿತ್ತು. ಅಪ್ಪ ಇಂಥ ಕತ್ತನ್ನು ಒತ್ತಿ ನೋಡಿ "ಕೆಟ್ಟ ಕೊಬ್ಬು" ಅನ್ನುತ್ತಿದ್ದರು.

ಆ ಭಾನುವಾರ ಲಾಯದಲ್ಲಿ ತೇಜಶ್ರೀ ಒಬ್ಬಳೇ ಸಿಕ್ಕಳು. ವಸಂತ ಧೈರ್ಯ ಮಾಡಿ ಕೇಳಿದಳು:

"ತೇಜೂ, ಸ್ವಲ್ಪ ಕಡಿಮೆ ಮಾಡೋಣ್ವಾ? ಪುಡಿಗಳನ್ನೆಲ್ಲಾ ನಿಲ್ಲಿಸಿ ಬರೀ ಹುಲ್ಲು ಕೊಟ್ರೆ ಒಳ್ಳೇದೇನೋ."

ತೇಜಶ್ರೀ ಕತ್ತು ಓರೆ ಮಾಡಿ ನೋಡಿದಳು. "ಯಾಕೆ, ನಿಮಗೆ ಕುದುರೆ ಬಗ್ಗೆ ಗೊತ್ತಾ?"

ಕೇಳಿದ್ದು ಅಷ್ಟೇ. ಕೊಂಕೂ ಇರಲಿಲ್ಲ ಅದರಲ್ಲಿ. "ಗೊತ್ತು, ನಮ್ಮಪ್ಪ ಜಟಕಾ ಹೊಡೀತಿದ್ರು" ಅನ್ನೋಕೆ ಎಷ್ಟು ಹೊತ್ತು ಬೇಕು? ವಸಂತಳ ನಾಲಿಗೆ ತುದಿಗೆ ಬಂತು. ಪಕ್ಕದಲ್ಲೇ ಕುದುರೆ ನಿಂತು ಅವಳ ಜಾಕೆಟ್ಟಿನ ಜೇಬು ಮೂಸುತ್ತಿತ್ತು.

"ಇಲ್ಲಪ್ಪಾ, ಸುಮ್ನೆ ಅನ್ನಿಸ್ತು" ಅಂದಳು.

"ಇನ್ನು ಮೂರೇ ವಾರ, ಈಗ ನಿಲ್ಸಿದ್ರೆ ಹೇಗೆ" ಅಂತ ತೇಜಶ್ರೀ ಎರಡು ಸ್ಕೂಪ್ ಕೊಬ್ಬಿನ ಪುಡಿ ಬಕೆಟ್ಟಿಗೆ ಸುರಿದಳು. ವಸಂತ ತನ್ನ ತೌಡನ್ನೂ ಹಾಕಿ, ಕೈಯಿಂದ ಕಲಸಿ ಕೊಟ್ಟಳು. ಸರದಿ ಅಲ್ಲದಿದ್ದರೂ ಕೊಟ್ಟಳು. ಆ ಕುದುರೆ ಅವಳನ್ನು ನೋಡಿದರೆ ಕಿವಿ ನಿಗುರಿಸುತ್ತಿತ್ತು, ಬರಿಗೈಯಲ್ಲಿ ನಿಲ್ಲೋಕೆ ಅವಳಿಗೆ ಆಗುತ್ತಿರಲಿಲ್ಲ.

ಅಕ್ಟೋಬರ್ ಹದಿನಾರು, ಮಂಗಳವಾರ. ಲಾಯದ ಬಾಗಿಲಲ್ಲಿ ನಿಂತು ಎಂದಿನಂತೆ ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿದಳು. ವಿಜಯ ಬರಲಿಲ್ಲ. ಮುಂದಿನ ಎರಡು ಕಾಲನ್ನೂ ಮುಂದಕ್ಕೆ ಚಾಚಿ, ಭಾರವೆಲ್ಲಾ ಹಿಂಗಾಲಿಗೆ ಹಾಕಿ, ಹಿಮ್ಮಡಿಯ ಮೇಲೆ ನಿಂತವರ ಹಾಗೆ ನಿಂತಿದ್ದ. ಮೂಗಿನ ಹೊಳ್ಳೆ ಅರಳಿತ್ತು, ಬೆವರು ಇಳಿಯುತ್ತಿತ್ತು. ಅವಳು ಮಂಡಿಯೂರಿ ಗೊರಸು ಮುಟ್ಟಿದಳು. ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ. ಮೂವತ್ತು ವರ್ಷದ ಹಿಂದೆ ಅಪ್ಪ ಯಾವುದನ್ನು ಪೆಟ್ಟು ಕೊಟ್ಟು ತಪ್ಪಿಸಿದ್ದರೋ ಅದು ಈಗ ಅವಳ ಕೈಕೆಳಗೆ ಸುಡುತ್ತಿತ್ತು. ಬಕೆಟ್ಟಿನ ತಳದಲ್ಲಿ ಬೆಳಗಿನ ಪುಡಿ ಕೆಸರಿನ ಹಾಗೆ ಅಂಟಿಕೊಂಡಿತ್ತು, ಆ ವಾಸನೆ ಗಪ್ಪಂತ ಮೂಗಿಗೆ ಹೊಡೆಯಿತು. ಹೊರಗೆ ಓಡಿ ಬೇಲಿ ಹಿಡಿದು ವಾಂತಿ ಮಾಡಿಕೊಂಡಳು.

ಮಾರ್ಜಿ ಕುದುರೆ ಡಾಕ್ಟರನ್ನು ಕರೆಸಿದಳು. ಡಾಕ್ಟರು ಅವತ್ತು ನೋವಿನ ಮದ್ದು ಕೊಟ್ಟು, ಗೊರಸಿಗೆ ಐಸು ಕಟ್ಟಿಸಿ ಹೋದರು. ಬುಧವಾರ ಮಧ್ಯಾಹ್ನ ಎಕ್ಸ್‌ರೇ ಯಂತ್ರ ಹಿಡಿದುಕೊಂಡು ಮತ್ತೆ ಬಂದರು. ಅಷ್ಟೊತ್ತಿಗೆ ಚಂದ್ರಶೇಖರ್, ತೇಜಶ್ರೀ, ಕಮಿಟಿಯ ಇನ್ನೂ ನಾಲ್ಕು ಜನ ಲಂಚ್ ಟೈಮಿನಲ್ಲಿ ಓಡಿಬಂದಿದ್ದರು, ಕೊರಳಲ್ಲಿ ಆಫೀಸಿನ ಬ್ಯಾಡ್ಜು ನೇತಾಡುತ್ತಿತ್ತು. ಡಾಕ್ಟರು ಎಕ್ಸ್‌ರೇ ತೋರಿಸಿದರು. ಗೊರಸಿನೊಳಗಿನ ಮೂಳೆ ಬುಡ ಬಿಟ್ಟು ಕೆಳಕ್ಕೆ ಕುಸಿದಿದೆ, ನಾಲ್ಕೂ ಕಾಲಲ್ಲಿ. ಇಷ್ಟೆಲ್ಲಾ ಪುಡಿ, ಎಣ್ಣೆ, ಓಟ್ಸು ಒಟ್ಟಿಗೆ ಕೊಟ್ಟಿದ್ದು ಯಾರು ಅಂತ ಕೇಳಿದರು. ಇನ್ನು ಮಾಡೋದು ಏನೂ ಉಳಿದಿಲ್ಲ, ಇವತ್ತೇ ನೋವು ಮುಗಿಸೋದು ಒಂದೇ ದಾರಿ ಅಂದರು.

ಚಂದ್ರಶೇಖರ್ ಗಂಟಲು ಸರಿಮಾಡಿಕೊಂಡ. "ಡಾಕ್ಟರ್, ಶನಿವಾರ ನಮ್ಮ ಈವೆಂಟ್ ಇದೆ. ಆರು ನೂರು ಟಿಕೆಟ್ ಹೋಗಿದೆ. ಸ್ಟ್ರಾಂಗ್ ಆಗಿರೋ ನೋವಿನ ಇಂಜೆಕ್ಷನ್ ಕೊಟ್ರೆ ಒಂದೆರಡು ಗಂಟೆ ನಿಲ್ಲುತ್ತಾ? ನಡಿಯೋದೇನೂ ಬೇಡ. ಸ್ಟೇಜ್ ಪಕ್ಕ ಸುಮ್ನೆ ನಿಂತಿದ್ರೆ ಸಾಕು."

ಡಾಕ್ಟರು ಅವನ ಮುಖವನ್ನೇ ನೋಡಿದರು, ಇಂಗ್ಲಿಷ್ ಅರ್ಥವಾಗದವರ ಹಾಗೆ. ಕುದುರೆಯ ಪಕ್ಕದಲ್ಲೇ ನಿಂತಿದ್ದ ವಸಂತಳಿಗೆ ಇನ್ನು ತಡೆಯಲಾಗಲಿಲ್ಲ.

"ಥೂ ನಿಮ್ಮ ಜನ್ಮಕ್ಕಿಷ್ಟು! ಉಗುರು ಕಿತ್ತುಹೋದ ಕಾಲಲ್ಲಿ ನಿಮ್ಮನ್ನ ಎರಡು ಗಂಟೆ ನಿಲ್ಲಿಸಿ ಹೂವಿನ ಹಾರ ಹಾಕ್ಲಾ? ಸೇವೆ ಅಂತೆ ಸೇವೆ! ಹೊಟ್ಟೆಗೆ ಹಾಕಿ ಹಾಕಿ ಕೊಂದ್ವಲ್ಲ ಇದನ್ನ. ಹಸಿದ ಕುದುರೆಗೆ ಕಾಳು ಹಾಕಿದ್ರೆ ಗೊರಸಿಗೆ ಇಳಿಯುತ್ತೆ ಅಂತ ಮೈಸೂರಲ್ಲಿ ಓದು ಬರಹ ಬರದ ಜಟಕಾದವರಿಗೆ ಗೊತ್ತಿತ್ತು. ನಿಮಗೆ ಗೊತ್ತಿಲ್ಲ!"

"ವಸಂತಾ, ಪ್ಲೀಸ್, ಕಾಮ್ ಡೌನ್" ಅಂದ ಚಂದ್ರಶೇಖರ್. "ಅದೆಲ್ಲಾ ನಿಮಗೆ ಹೇಗೆ ಗೊತ್ತು?"

"ನಮ್ಮಪ್ಪ ಜಟಕಾ ಹೊಡೀತಿದ್ರು. ಮೂವತ್ತೊಂದು ವರ್ಷ. ಕುದುರೆ ಲದ್ದಿ ಬಾಚಿ ಬೆಳೆದೋಳು ನಾನು."

ಹೇಳಿ ಆಯ್ತು. ಆರು ವರ್ಷದಿಂದ ಯಾವ ಮಾತು ಹೊರಬಂದರೆ ತಲೆ ಎತ್ತಿ ತಿರುಗೋ ಹಾಗಿಲ್ಲ ಅಂದುಕೊಂಡಿದ್ದಳೋ ಅದು ಬಂತು. ಯಾರಾದರೂ ಮೂತಿ ತಿರುವುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ ಅಂತ ಕಾದಳು.

ಚಂದ್ರಶೇಖರನ ಮುಖ ಅರಳಿತು. "ನಿಜವಾಗ್ಲೂ? ಜಟಕಾ? ಒರಿಜಿನಲ್ ಮೈಸೂರು ಜಟಕಾ? ಅಯ್ಯೋ, ಮೊದಲೇ ಹೇಳ್ಬಾರ್ದಿತ್ತೇನ್ರೀ! ಎಂಥ ಸ್ಟೋರಿ! ವೆಬ್‌ಸೈಟಲ್ಲಿ ಹಾಕ್ತಿದ್ವಿ. ನಿಮ್ಮನ್ನೇ ಹಾರ್ಸ್ ಇನ್‌ಚಾರ್ಜ್ ಮಾಡ್ತಿದ್ವಿ, ನೀವು ಹೇಳ್ದಂಗೇ ಕೇಳ್ತಿದ್ವಿ."

"ಹೌದು ವಸಂತಾ, ನಾನು ಕೇಳಿದ್ನಲ್ಲ ಅವತ್ತು" ಅಂದಳು ತೇಜಶ್ರೀ. "ನೀವೇ ಇಲ್ಲ ಅಂದ್ರಿ."

ಅದು ಸುಳ್ಳಲ್ಲ. ಇವರ ಮೇಲೆ ಉಕ್ಕುತ್ತಿದ್ದ ಅಸಹ್ಯ ಅಷ್ಟೂ ತಿರುಗಿ ವಸಂತಳ ಮೇಲೆಯೇ ಬಿತ್ತು. ಅವಳು ಅವರ ಕಡೆ ಬೆನ್ನು ಮಾಡಿ ಹಗ್ಗ ಕೈಗೆ ತೆಗೆದುಕೊಂಡಳು.

ಲಾಯದ ಹಿಂದೆ ಹುಲ್ಲಿನ ಜಾಗವಿತ್ತು. ಅಲ್ಲಿಗೆ ಮೂವತ್ತು ಹೆಜ್ಜೆ. ಡಾಕ್ಟರು ಕಾಲು ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟ ಮೇಲೂ ಅಷ್ಟು ದೂರಕ್ಕೆ ಕಾಲು ಗಂಟೆ ಹಿಡಿಯಿತು. ವಿಜಯ ಒಂದೊಂದು ಕಾಲನ್ನೂ ಎತ್ತೋ ಮೊದಲು ಅವಳನ್ನು ನೋಡುತ್ತಿದ್ದ. "ಬಾ ಮಗನೇ, ಬಾ ಚಿನ್ನ, ಆಯ್ತು, ಆಯ್ತು" ಅಂತ ಅಪ್ಪನ ಮಾತಿನಲ್ಲೇ ಕರೆದುಕೊಂಡು ಹೋದಳು. ಡಾಕ್ಟರು ಸೂಜಿ ಚುಚ್ಚೋ ಹೊತ್ತಿಗೆ ವಿಜಯ ಅವಳ ಅಂಗೈ ನೆಕ್ಕುತ್ತಿದ್ದ, ಇವಳೇನಾದರೂ ತಂದಿರುತ್ತಾಳೆ ಅಂತ. ಮಂಡಿ ಮಡಿಚಿತು. ಆಮೇಲೆ ಅಷ್ಟೂ ಭಾರ ಒಟ್ಟಿಗೆ ನೆಲಕ್ಕೆ ಬಿತ್ತು.

ಅವಳು ವಾಪಸ್ ಲಾಯಕ್ಕೆ ಬಂದಾಗ ಕಮಿಟಿಯವರು ಕಪಾಟಿನ ಮುಂದೆ ನಿಂತಿದ್ದರು. ತೇಜಶ್ರೀ ಮಾಸ್ಕಿಂಗ್ ಟೇಪಿನ ಹೆಸರು ನೋಡಿ ನೋಡಿ ಡಬ್ಬಗಳನ್ನು ಬೇರೆ ಮಾಡುತ್ತಿದ್ದಳು. ಅರ್ಧ ಖಾಲಿಯಾಗಿದ್ದರೂ ಅಂಗಡಿಯವರು ರಿಟರ್ನ್ ತಗೋತಾರಂತೆ, ರಸೀದಿ ಇದ್ದರೆ ಸಾಕಂತೆ. ಬರದೇ ಇದ್ದವರದ್ದನ್ನೂ ಅವಳೇ ಡಿಕ್ಕಿಗೆ ಹಾಕಿಕೊಂಡಳು. ಯಾರೋ ಫೋನಿನಲ್ಲಿ ಶನಿವಾರಕ್ಕೆ ಬಾಡಿಗೆ ಕುದುರೆ ವಿಚಾರಿಸುತ್ತಿದ್ದರು, ಬಿಳೀದು ಸಿಗುತ್ತಾ ಅಂತ. ಬಾಗಿಲಲ್ಲಿ ನಿಂತ ವಸಂತಳ ಮುಖ ಯಾರೂ ನೋಡಲಿಲ್ಲ. ಒಂದೊಂದೇ ಕಾರು ಹೊರಟಿತು.

ಮಾರ್ಜಿ ಬಟ್ಟೆ ಹಿಡಿದು ಬಂದು ಕಪಾಟು ಒರೆಸಿದಳು. ಮೂಲೆಯಲ್ಲಿ ಒಂದು ಡಬ್ಬ ಉಳಿದಿತ್ತು. ಅಲುಗಾಡಿಸಿ ನೋಡಿ, ಟೇಪಿನ ಮೇಲಿನ ಅಕ್ಷರ ಓದಲಾರದೆ, ನಿನ್ನದಾ ಅಂತ ಕೇಳಿ ವಸಂತಳ ಕೈಗೆ ಕೊಟ್ಟಳು.

"ವಸಂತಾ, ತೌಡು, ಮಂಗಳವಾರ, ಶುಕ್ರವಾರ." ಅವಳದೇ ಕೈಬರಹ. ಉಳಿದವರ ಡಬ್ಬದಲ್ಲೆಲ್ಲಾ ಅರ್ಧವೋ ಕಾಲೋ ಮಿಕ್ಕಿತ್ತು, ಹಿಂದಿರುಗಿಸೋಕೆ ಅವರಿಗೆ ಏನಾದರೂ ಇತ್ತು. ಒಂದು ಸರದಿಯನ್ನೂ ತಪ್ಪಿಸದೆ, ತಳದವರೆಗೂ ಬಳಿದು ಉಣ್ಣಿಸಿದವಳು ಅವಳೊಬ್ಬಳೇ.